ನೂರಕ್ಕೆ ನೂರು ಅಳತೆಯಲ್ಲಿ

ಕಳೆದ ತಿಂಗಳು ನಮ್ಮ ಮನೆಯ ಒಂದು ಭಾನುವಾರ ಪೂರ್ತಿ ದಂಡವಾಯಿತು. ಮಗಳನ್ನು ಕೂರಿಸಿಕೊಂಡು ಮನೆಯಲ್ಲೇ ಪಿಸಿಬಿ ಮಾಡುವ ಸಾಹಸ. ಪ್ರಿಂಟ್ ತಂದು, ತಾಮ್ರದ ಹಲಗೆಗೆ ಇಸ್ತ್ರಿಪೆಟ್ಟಿಗೆ ಒತ್ತಿ, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ, ತೂತು ಕೊರೆದು, ಸಂಜೆ ನಲವತ್ತು ಕಾಲಿನ ಐಸಿಯ ಸಾಕೆಟ್ ಕೂರಿಸಲು ಹೋದರೆ ಅದು ಕೂರಲೇ ಇಲ್ಲ. ಮೊದಲ ಕಾಲು ತೂತಿಗೆ ಇಳಿದರೆ ಕೊನೆಯದು ಹೊರಗೆ.

"ಅಪ್ಪಾ, ಇದು ಉದ್ದ ಬೆಳೆದಿದೆ" ಅಂದಳು.

ಸಾಕೆಟ್ ಬೆಳೆದಿರಲಿಲ್ಲ, ಹಾಳೆ ಕುಗ್ಗಿತ್ತು. ಅಮೆರಿಕದ ಪಿಡಿಎಫ್‌ಗಳ ಪುಟ ಸಾಮಾನ್ಯವಾಗಿ ಲೆಟರ್ ಅಳತೆ, ಅಗಲ 216 ಮಿಲಿಮೀಟರ್. ನಮ್ಮ ಎ4 ಅಗಲ 210. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ 'ಫಿಟ್ ಟು ಪೇಜ್' ಆನ್ ಇತ್ತು. ಚಿತ್ರ ಸುಮಾರು ಶೇಕಡ 97ಕ್ಕೆ ಇಳಿದಿತ್ತು. ಮೂರು ಪರ್ಸೆಂಟ್ ಏನು ಮಹಾ ಅನ್ನಿಸಬಹುದು. ಒಂದು ಸಾಲಿನಲ್ಲಿ ಇಪ್ಪತ್ತು ಕಾಲು, ನಡುವೆ ಹತ್ತೊಂಬತ್ತು ಸಂದು, ಒಂದೊಂದು 2.54 ಮಿಲಿಮೀಟರ್, ಒಟ್ಟು 48.26. ಅದರಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಕಡಿಮೆಯಾದರೆ ಕಾಲು ಎಲ್ಲಿಗೆ ಇಳಿಯಬೇಕು? ತಪ್ಪು ಅಂಗಡಿಯವನದಲ್ಲ. ನಾನು ಹೇಳಿರಲಿಲ್ಲ, ಬಂದ ಮೇಲೆ ಸ್ಕೇಲಿಟ್ಟು ನೋಡಿಯೂ ಇರಲಿಲ್ಲ. ಈಗ ಪುಣೆಯ ಆ ಅಂಗಡಿಗೆ ಜೇಬಿನಲ್ಲಿ ಸ್ಕೇಲಿಟ್ಟುಕೊಂಡೇ ಹೋಗುತ್ತೇನೆ. ನನ್ನನ್ನು ನೋಡಿದ ಕೂಡಲೇ ಆತನೇ "ಹಂಡ್ರೆಡ್ ಪರ್ಸೆಂಟ್ ನಾ, ದಾದಾ?" ಅನ್ನುತ್ತಾನೆ.

ಫೋನಿನಲ್ಲೇ ನೋಡಬಹುದಲ್ಲ, ಪ್ರಿಂಟ್ ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ದಿನವಿಡೀ ಎರಡು ಮಾನಿಟರ್ ನೋಡುವ ಕೆಲಸ ನನ್ನದು, ಆದರೂ ಸೋಲ್ಡರಿಂಗ್ ಐರನ್ ಹಿಡಿದಾಗ ಕಾಗದವೇ ಬೇಕು. ಒಂದು ಕೈಯಲ್ಲಿ ಐರನ್, ಇನ್ನೊಂದರಲ್ಲಿ ಸೀಸದ ತಂತಿ ಇರುವಾಗ ಆರಿಹೋದ ಸ್ಕ್ರೀನನ್ನು ಮೂಗಿನಿಂದ ಎಬ್ಬಿಸಲೇ?

ಹಾಗೆಂದು ಇಡೀ ಡೇಟಾಶೀಟ್ ಪ್ರಿಂಟ್ ಮಾಡಿಸಬೇಡಿ. ಆರ್ಡುಯಿನೋ ಊನೋದ ಹೃದಯವಾದ ಎಟಿಮೆಗಾ328ಪಿಯದ್ದು ನೂರಾರು ಪುಟ. ನನಗೆ ಬೇಕಾಗುವುದು ಪಿನ್ ಚಿತ್ರ, ವಿದ್ಯುತ್ ಗುಣಗಳ ಕೋಷ್ಟಕ, ಮಾದರಿ ಸರ್ಕ್ಯೂಟ್, ಅಳತೆಯ ಚಿತ್ರ. ಜೊತೆಗೆ 'ಆಬ್ಸಲ್ಯೂಟ್ ಮ್ಯಾಕ್ಸಿಮಮ್' ಪುಟ. ಹೊಸಬರು ಎಡವುವುದು ಇಲ್ಲೇ. ಎನ್‌ಇ555ಕ್ಕೆ ಅಲ್ಲಿ 18 ವೋಲ್ಟ್ ಎಂದಿದ್ದರೆ ಅಷ್ಟು ಕೊಡಬಹುದು ಎಂದಲ್ಲ, ಅದನ್ನು ದಾಟಿದರೆ ಐಸಿ ಉಳಿಯುವ ಭರವಸೆಯಿಲ್ಲ ಎಂದು. ಕೆಲಸಕ್ಕೆ ಹೇಳಿದ ಮಿತಿ 16.

ನಂಬರನ್ನು ಕೊನೆಯ ಅಕ್ಷರದವರೆಗೂ ಓದಿ. ಪಿಎನ್2222ಎ ಮತ್ತು ಪಿ2ಎನ್2222ಎ ಕೇಳಲು ಅಣ್ಣತಮ್ಮಂದಿರು, ನೋಡಲೂ ಹಾಗೆಯೇ, ಆದರೆ ಎಮಿಟರ್ ಮತ್ತು ಕಲೆಕ್ಟರ್ ಅದಲುಬದಲು. ಬುಧವಾರ ಪೇಟೆಯ ಅಂಗಡಿಯಲ್ಲಿ ಪುಟ್ಟ ಪೊಟ್ಟಣಕ್ಕೆ ಹಾಕಿಕೊಟ್ಟರೆ ಮನೆಗೆ ಬಂದು ಭೂತಗನ್ನಡಿ ಹಿಡಿದೇ ನೋಡಬೇಕು.

ನನ್ನ ಫೈಲಿನಲ್ಲಿ 7805 ಮತ್ತು ಎಲ್‌ಎಂ317ರ ಹಾಳೆಗಳು ಎದುರುಬದುರು ಇವೆ. ಎರಡಕ್ಕೂ ಮೂರು ಕಾಲು, ಬೆನ್ನಿಗೆ ಲೋಹದ ತಗಡು. 7805ರ ತಗಡು ಗ್ರೌಂಡ್, 317ರದ್ದು ಔಟ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ನೇರವಾಗಿ ಸ್ಕ್ರೂ ಹಾಕಿ ಬಿಗಿದರೆ ಶಾರ್ಟ್. ನಡುವೆ ಮೈಕಾ ತುಂಡು ಇಡಬೇಕು. ನಾನು ಇದನ್ನು ಕಲಿತದ್ದು ಓದಿಯಲ್ಲ, ವಾಸನೆಯಿಂದ.

ಮೊನ್ನೆ ಆ ಹಾಳೆ ತೆಗೆದರೆ ಅಂಚಿನಲ್ಲಿ ಪೆನ್ಸಿಲ್ ಬರಹ ಕಂಡಿತು: 'ಬೆನ್ನು ಗ್ರೌಂಡ್ ಅಲ್ಲಾ.' ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮಾತ್ರ ಇರುವ ಮಗಳು ಬರೆದದ್ದು. 'ಗ್ರೌಂಡ್'ನ ರಾವತ್ತನ್ನು ಒಮ್ಮೆ ಅಳಿಸಿ ಮತ್ತೆ ಬರೆದಿದ್ದಾಳೆ. ಕೊನೆಯ ದೀರ್ಘವನ್ನು ನಾನು ತಿದ್ದಲು ಹೋಗಲಿಲ್ಲ.

ಈ ಭಾನುವಾರ ಸಾಕೆಟ್ಟಿಗೆ ಎರಡನೇ ಪ್ರಯತ್ನ. ಪ್ರಿಂಟ್ ಬಂದಿದೆ, ಅವಳೇ ಸ್ಕೇಲಿಟ್ಟು ಅಳೆದಿದ್ದಾಳೆ. ನಲವತ್ತೆಂಟು ಮಿಲಿಮೀಟರ್, ಮೇಲೆ ಚೂರು.