ಅವಧಿಪೂರ್ವ ಹೆರಿಗೆ: ಚುಚ್ಚುಮದ್ದಿನ ನಂತರದ ಹೊಣೆ

ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಸುಮಾರು 90 ಕಿ.ಮೀ. ದಾರಿ. ಮಳೆಗಾಲದಲ್ಲಿ ಮರ ಉರುಳಿ, ಧರೆ ಕುಸಿದು ರಸ್ತೆ ಮುಚ್ಚುವುದು ಮಲೆನಾಡಿಗರಿಗೆ ಹೊಸತಲ್ಲ. ಇಂಥ ಕಡೆ ಏಳನೆಯ ತಿಂಗಳಲ್ಲೇ ಗರ್ಭಿಣಿಗೆ ಹೆರಿಗೆ ನೋವು ಕಾಣಿಸಿಕೊಂಡರೆ, ದೊಡ್ಡ ಆಸ್ಪತ್ರೆಗೆ ಸಾಗಿಸುವ ಮುನ್ನ ನೀಡಬಹುದಾದ ಅಗ್ಗದ ಹಾಗೂ ಉಪಯುಕ್ತ ಔಷಧ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಆದರೆ ಈ ಚುಚ್ಚುಮದ್ದು ಒಂದು ಹೊಣೆಯನ್ನೂ ಜೊತೆಗೆ ತರುತ್ತದೆ. ಹುಟ್ಟಿದ ಶಿಶುವಿನ ರಕ್ತದ ಸಕ್ಕರೆಯ ಮೇಲೆ ಕಣ್ಣಿಡುವುದೇ ಆ ಹೊಣೆ.

ತಾಯಿಗೆ ಕೊಟ್ಟ ಸ್ಟೀರಾಯ್ಡ್ ಗರ್ಭಸ್ಥ ಶಿಶುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟರು. ಭಾರತ ಸರ್ಕಾರ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯು 24ರಿಂದ 34 ವಾರಗಳ ನಡುವಿನ ಹೆರಿಗೆ ನೋವಿಗೆ 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಬಾರಿ ಇದನ್ನು ಕೊಡಲು ಸೂಚಿಸಿತು. ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಚುಚ್ಚುಮದ್ದನ್ನು ಎಎನ್‌ಎಂಗಳೂ ನೀಡಬಹುದೆಂದಿತು. ಗುಡ್ಡಗಾಡು ಪ್ರದೇಶಕ್ಕೆ ಇದು ವರದಾನವೇ ಸರಿ.

ಸಮಸ್ಯೆಯ ಬೇರು ಔಷಧದ ಗುಣದಲ್ಲೇ ಇದೆ. ಸ್ಟೀರಾಯ್ಡ್‌ನಿಂದ ತಾಯಿಯ ರಕ್ತದ ಸಕ್ಕರೆ ಏರುತ್ತದೆ. ಅದು ಶಿಶುವನ್ನೂ ತಲುಪಿ, ಶಿಶುವಿನ ದೇಹ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ತಾಯಿಯಿಂದ ಬರುವ ಸಕ್ಕರೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 34ರಿಂದ 36 ವಾರಗಳ ಗರ್ಭಿಣಿಯರಿಗೆ ಬೀಟಾಮೆಥಾಸೋನ್ ನೀಡಿತು. ಉಸಿರಾಟದ ತೊಂದರೆ ಕಡಿಮೆಯಾಯಿತು; ಆದರೆ ಸಕ್ಕರೆ ಕುಸಿದ ಶಿಶುಗಳ ಪ್ರಮಾಣ ಶೇ 15ರ ಬದಲು ಶೇ 24ರಷ್ಟಿತ್ತು. ಅದೇ ಮಕ್ಕಳನ್ನು ಆರು ವರ್ಷ ದಾಟಿದ ಮೇಲೆ ಪರೀಕ್ಷಿಸಿದಾಗ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2024ರಲ್ಲಿ ವರದಿಯಾಗಿದೆ. ಇದು ಸಮಾಧಾನದ ಸಂಗತಿ. ಆದರೆ ಅವು ಸುಸಜ್ಜಿತ ಆಸ್ಪತ್ರೆಗಳಲ್ಲಿ ಜನಿಸಿದ ಮಕ್ಕಳೆಂಬುದನ್ನು ಮರೆಯಲಾಗದು. ಯಾರೂ ಗಮನಿಸದೆ ದೀರ್ಘಕಾಲ ಉಳಿದ ತೀವ್ರ ಸಕ್ಕರೆ ಕೊರತೆ ಮೆದುಳಿಗೆ ಹಾನಿ ಮಾಡಬಲ್ಲದು.

ವ್ಯವಸ್ಥೆಯಿಲ್ಲದೆಡೆ ಔಷಧವೊಂದೇ ಸಾಲದೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಬೆಳಗಾವಿಯೂ ಪಾಲ್ಗೊಂಡಿದ್ದ, ಆರು ದೇಶಗಳ 2015ರ ಅಧ್ಯಯನದಲ್ಲಿ ಗ್ರಾಮೀಣ ಮಟ್ಟದಲ್ಲಿ ಸ್ಟೀರಾಯ್ಡ್ ಬಳಕೆ ವಿಸ್ತರಿಸಿದಾಗ ಶಿಶುಮರಣ ಇಳಿಯಲಿಲ್ಲ; ಒಟ್ಟಾರೆ ಸಾವಿರ ಜನನಗಳಿಗೆ 3.5ರಷ್ಟು ಹೆಚ್ಚಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲೂ ಬೆಳಗಾವಿ ಇತ್ತು. ಅಲ್ಲಿ ಅವಧಿಯನ್ನು ಸ್ಕ್ಯಾನಿಂಗ್‌ನಿಂದ ಖಚಿತಪಡಿಸಿಕೊಂಡು, ನವಜಾತ ಶಿಶು ಆರೈಕೆಯಿದ್ದ ಆಸ್ಪತ್ರೆಗಳಲ್ಲಿ 26ರಿಂದ 33 ವಾರದೊಳಗೆ ಔಷಧ ನೀಡಲಾಯಿತು. ಶಿಶುಮರಣ ಶೇ 23.5ರಿಂದ 19.6ಕ್ಕೆ ಇಳಿಯಿತು. ಔಷಧದ ಫಲವನ್ನು ನಿರ್ಧರಿಸುವಲ್ಲಿ ಅದನ್ನು ಕೊಡುವ ಕಾಲ ಮತ್ತು ಸ್ಥಳಗಳ ಪಾತ್ರ ದೊಡ್ಡದು.

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಈ ಕಾಲದ ಲೆಕ್ಕವೇ ಕಠಿಣ. ಕೆಲಸ ಅರಸಿ ತೋಟದಿಂದ ತೋಟಕ್ಕೆ, ಹೊರರಾಜ್ಯಗಳಿಂದ ಲೈನ್ ಮನೆಗಳಿಗೆ ಬರುವ ಹೆಣ್ಣುಮಕ್ಕಳಲ್ಲಿ ಮೊದಲ ತಿಂಗಳುಗಳ ಸ್ಕ್ಯಾನಿಂಗ್ ಆಗದವರಿಗೆ ಕೊನೆಯ ಮುಟ್ಟಿನ ನೆನಪೊಂದೇ ಆಧಾರ. ಲೆಕ್ಕ ತಪ್ಪಿದರೆ 35 ವಾರದ ಶಿಶುವಿಗೂ ಸ್ಟೀರಾಯ್ಡ್ ತಲುಪುತ್ತದೆ. ಅಂಥ ಶಿಶು ನೋಡಲು ಗಟ್ಟಿಮುಟ್ಟಾಗಿರುವುದರಿಂದ ತಾಯಿಯ ಮಗ್ಗುಲಲ್ಲೇ ಉಳಿಯುತ್ತದೆ; ಹಾಲು ಚೀಪದೆ ಮಂಕಾದರೆ ನಿದ್ದೆಯೆಂದೇ ತಿಳಿಯಲಾಗುತ್ತದೆ. ಆಷಾಢದ ಚಳಿಯಲ್ಲಿ ಮೈ ತಣ್ಣಗಾದರೆ ಇದ್ದ ಸಕ್ಕರೆಯೂ ಬೇಗ ಕರಗುತ್ತದೆ.

ಪರಿಹಾರ ದುಬಾರಿಯಲ್ಲ. ಚುಚ್ಚುಮದ್ದು ಕೊಟ್ಟ ಸಮಯ, ಪ್ರಮಾಣಗಳು ತಾಯಿ ಕಾರ್ಡಿನಲ್ಲೂ ಆಸ್ಪತ್ರೆಗೆ ಕಳುಹಿಸುವ ಚೀಟಿಯಲ್ಲೂ ದಾಖಲಾಗಬೇಕು. ಪ್ರತಿ ಹೆರಿಗೆ ಕೊಠಡಿಯಲ್ಲಿ ಗ್ಲೂಕೋಮೀಟರ್ ಮಾತ್ರವಲ್ಲ, ಅದರ ಪಟ್ಟಿಗಳೂ ಖಾಲಿಯಾಗದಂತಿರಬೇಕು. ಸ್ಟೀರಾಯ್ಡ್ ಪಡೆದ ತಾಯಿಯ ಶಿಶುವಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಮೊದಲ ಗಂಟೆಗಳಲ್ಲಿ, ಬಳಿಕ ದಿನವಿಡೀ ಆಗಾಗ ಪರೀಕ್ಷಿಸುವುದು ನಿಯಮವಾಗಬೇಕು. ಒಂದು ಗಂಟೆಯೊಳಗೆ ಎದೆಹಾಲು, ತಾಯಿಯ ಮೈಗೆ ಮೈ ತಾಗಿಸಿದ ಬೆಚ್ಚನೆ, ಚೀಪಲಾರದ ಕೂಸಿಗೆ ಹಿಂಡಿದ ಹಾಲು ದೊರೆಯಬೇಕು. ಗರ್ಭಿಣಿ ಕಾರ್ಮಿಕರ ಮೊದಲ ಸ್ಕ್ಯಾನಿಂಗ್‌ಗೆ ಕೂಲಿ ಕಡಿಯದೆ ರಜೆ ಕೊಡುವುದು ತೋಟದ ಮಾಲೀಕರ ಪಾಲಿನ ಕರ್ತವ್ಯ.

ಉಸಿರು ಉಳಿಸಲು ಕೊಟ್ಟ ಔಷಧದ ಹೊಣೆ ಸೂಜಿ ತೆಗೆದೊಡನೆ ಮುಗಿಯುವುದಿಲ್ಲ. ಕಳಸದಲ್ಲಿ ಕೊಟ್ಟ ಚುಚ್ಚುಮದ್ದಿನ ಲೆಕ್ಕವನ್ನು ಚಿಕ್ಕಮಗಳೂರಿನ ಶಿಶು ವಾರ್ಡು ಓದಿಕೊಳ್ಳುವಂತಾದಾಗಲೇ ಆ ಚಿಕಿತ್ಸೆ ಪೂರ್ಣ.