ಹೋದ ಓಲೆಗೆ ಮರುಓಲೆ ಏಕೆ ಬಾರದು?

ಮುಂಡಗೋಡ ತಾಲ್ಲೂಕಿನ ಮಳಗಿಯೆಂದೊಡನೆ ನೆನಪಾಗುವುದು ಧರ್ಮಾ ಜಲಾಶಯ. ಅಲ್ಲಿಯ ನೀರು ಕಾಲುವೆಗಿಳಿದು ಹಾನಗಲ್ಲ ಸೀಮೆಯತ್ತ ಹರಿಯುತ್ತದೆ. ಅದು ಮರಳಿ ಬರಬೇಕಾಗಿಲ್ಲ. ಕಂಪ್ಯೂಟರುಗಳ ವ್ಯವಹಾರ ಹಾಗಲ್ಲ. ಹೋದ ಮಾತಿಗೆ ಉತ್ತರ ಬಂದರೆ ಮಾತ್ರ ಕಾರ್ಯ ಕೈಗೂಡಿತು. ಈ ಭೇದವನ್ನು ಮರೆತವರು, ಕೆಡದ ಯಂತ್ರವನ್ನು ಕೆಟ್ಟಿತೆಂದು ಬಗೆದು ಹೊಸದಕ್ಕೆ ಹಣ ತೆರುವುದುಂಟು.

ಆ ಊರಿನಲ್ಲೊಂದು ಕಿರಾಣಿ ಅಂಗಡಿ, ಹಿಂದೆಯೇ ಮನೆ ಎಂದು ಭಾವಿಸೋಣ. ಲೆಕ್ಕ ಬರೆಯುವ ಗೃಹಿಣಿಯ ಕಂಪ್ಯೂಟರ್ ಮನೆಯಲ್ಲಿ. ರಸೀತಿ ಮುದ್ರಿಸುವ ಪ್ರಿಂಟರ್ ಅಂಗಡಿಯಲ್ಲಿ. ಅಂಗಡಿಯ ವಿಳಾಸಗಳು 192.168.1 ಎಂದೂ, ಮನೆಯವು 192.168.2 ಎಂದೂ ಮೊದಲಾಗುತ್ತವೆ. ಇವೇ ಎರಡು ಸಬ್‌ನೆಟ್‌ಗಳು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನಲ್ಲಿ ಮೊದಲ 3 ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಉಳಿದ 3 ಅಂಚೆ ಕಚೇರಿಯನ್ನೂ ಸೂಚಿಸುವಂತೆ, ಇಲ್ಲಿ ಮೊದಲ ಮೂರು ಸಂಖ್ಯೆಗಳು ಕೇರಿಯನ್ನೂ ಕೊನೆಯದು ಮನೆಯನ್ನೂ ಹೇಳುತ್ತವೆ. ಆ ಗಡಿಯನ್ನು ತಿಳಿಸುವುದೇ 255.255.255.0 ಎಂಬ ಮಾಸ್ಕ್. ಎರಡು ಕೇರಿಗಳಿಗೂ ಒಂದೇ ಹೆಸರಿಟ್ಟರೆ ಯಾವ ಅಂಚೆಯವನೂ ದಾರಿ ಕಾಣಲಾರ.

ಅಂಗಡಿಯ ರೂಟರ್ 192.168.1.1, ಅದೇ ಹೊರಜಗತ್ತಿನ ಬಾಗಿಲು. ನಡುವಣ ರೂಟರಿಗೆ ಎರಡು ಮುಖ: ಅಂಗಡಿಯ ಕಡೆ 192.168.1.2, ಮನೆಯ ಕಡೆ 192.168.2.1. ರಸೀತಿ ಕಳುಹಲು ಗೃಹಿಣಿಯ ಕಂಪ್ಯೂಟರ್ ಮಾಡಿದ ಮೊದಲ ಕರೆ ಪ್ರಿಂಟರನ್ನು ನಿಜವಾಗಿಯೂ ಮುಟ್ಟುತ್ತದೆ. ಪ್ರಿಂಟರ್ ಉತ್ತರವನ್ನು ತನ್ನ ಗೇಟ್‌ವೇ ಆದ 192.168.1.1ಕ್ಕೆ ಒಪ್ಪಿಸುತ್ತದೆ. ಅದಕ್ಕೋ ಮನೆಯ ಕೇರಿ ಅಪರಿಚಿತ! ಉತ್ತರವನ್ನು ಊರಾಚೆಗೆ ಅಟ್ಟಿಬಿಡುತ್ತದೆ. ಗಿರಾಕಿ ಕಾದು ನಿಂತಿರುವಾಗ ಬೈಗುಳ ತಿನ್ನುವವನು ಅಂಗಡಿಯ ಹುಡುಗ, ದೋಷ ಅವನದಲ್ಲ.

ಪರೀಕ್ಷೆ ಸುಲಭ. ಮನೆಯ ಕಂಪ್ಯೂಟರಿನಿಂದ ಕ್ರಮವಾಗಿ 192.168.2.1, 192.168.1.2, 192.168.1.1ಗಳಿಗೆ ಪಿಂಗ್ ಮಾಡಿರಿ. ಮೊದಲನೆಯದೇ ಮೌನವಾದರೆ ತಂತಿಯನ್ನೂ ಸ್ವಂತ ವಿಳಾಸವನ್ನೂ ನೋಡಿರಿ. ಮೊದಲೆರಡು ಓಗೊಟ್ಟು ಮೂರನೆಯದು ಸುಮ್ಮನಿದ್ದರೆ, ಮರಳುವ ದಾರಿಯಿಲ್ಲವೆಂದು ಬಲವಾಗಿ ಶಂಕಿಸಬಹುದು. ಅಂಗಡಿಯ ರೂಟರಿನಲ್ಲಿ ಒಂದೇ ಸಾಲು ಬರೆಯಿರಿ: 192.168.2.0ಕ್ಕೆ, ಮಾಸ್ಕ್ 255.255.255.0, ದಾರಿ 192.168.1.2. ಸ್ಥಿರ ಮಾರ್ಗವೆಂದರೆ ಇದೇ.

ಮನೆಯಿಂದ ಅಂಗಡಿಗೆ ಎಲ್ಲವೂ ಸುಗಮ, ಅಂಗಡಿಯಿಂದ ಮನೆಗೆ ಮಾತ್ರ ಪ್ರವೇಶವಿಲ್ಲವೆಂದಾದರೆ ನಡುವಣ ರೂಟರಿನ ನ್ಯಾಟ್ ಕಡೆಗೆ ಗಮನ ಕೊಡಿರಿ. ಅದು ಮನೆಯವರೆಲ್ಲರ ಓಲೆಗಳಿಗೂ ತನ್ನದೇ ವಿಳಾಸ ಹಚ್ಚಿ ಕಳುಹುತ್ತದೆ. ಉತ್ತರಗಳನ್ನು ಒಳಗೆ ಹಂಚುತ್ತದೆ, ಕರೆಯದೆ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ. ಇನ್ನು ದಾರಿಗಳೆಲ್ಲ ಸರಿಯಿದ್ದೂ ಒಂದು ಕಂಪ್ಯೂಟರ್ ಮಾತ್ರ ಮೌನವಾಗಿದ್ದರೆ, ಅದರ ಫೈರ್‌ವಾಲ್ ಪರಕೇರಿಯವರನ್ನು ತಡೆಯುತ್ತಿರಬಹುದು.

ಆದುದರಿಂದ ವಾಚಕರೇ, ಹೊಸ ಯಂತ್ರಕ್ಕೆ ಹಣ ಎಣಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿರಿ: ಹೋಗುವ ದಾರಿ ಯಾರಿಗೆ ಗೊತ್ತು? ಮರಳುವ ದಾರಿ ಯಾರಿಗೆ ಗೊತ್ತು?