ಮಗುಚಿದರೆ ನಿಲ್ಲಬೇಡಿ

ದಾಂಡೇಲಿ ಕಡೆ ಹೋದವರೆಲ್ಲ ರಾಫ್ಟಿಂಗ್ ಫೋಟೊ ತೋರಿಸ್ತಾರೆ. ಕಯಾಕ್ ಬೇರೆಯದೇ ಕತೆ ಕಣ್ರೀ. ರಾಫ್ಟ್‌ನಲ್ಲಾದರೆ ಹಿಂದೆ ಗೈಡ್ ಕೂತಿರ್ತಾನೆ. ಇಲ್ಲಿ ದೋಣಿಯೊಳಗೆ ನಾನೊಬ್ಬಳೇ.

ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟಿನ ಕೆಳಗೆ ಕಾಳಿ ನದಿಯ ಪುಟ್ಟ ಓಟ ಅದು. ರಭಸಕ್ಕೆ 1ರಿಂದ 6ರವರೆಗೆ ದರ್ಜೆ ಕೊಡ್ತಾರೆ. 3 ಅಂದರೆ ಮಧ್ಯಮ. ಈ ನೀರು ಮಳೆಯನ್ನಷ್ಟೇ ನಂಬಿಲ್ಲ. ಮೇಲೆ ವಿದ್ಯುತ್ತಿಗೆಂದು ಬಿಟ್ಟಾಗ ಏರುತ್ತೆ, ನಿಲ್ಲಿಸಿದರೆ ಇಳಿಯುತ್ತೆ. ಊರಿನವರನ್ನು ಕೇಳದೆ ಇಳಿಯೋ ಮಾತೇ ಇಲ್ಲ.

ಎರಡನೇ ಇಳಿತದಲ್ಲಿ ದೋಣಿ ಮಗುಚಿತು. ಸ್ಪ್ರೇ ಸ್ಕರ್ಟಿನ ಮುಂದಿನ ಪಟ್ಟಿ ಎಳೆದು ಹೊರಬಂದೆ. ಕಾಲಿಗೆ ನೆಲ ತಾಗಿತು. ಎದ್ದು ನಿಲ್ಲುವ ಆಸೆ ಎಷ್ಟು ಜೋರಿತ್ತೆಂದರೆ... ನಿಲ್ಲಲಿಲ್ಲ. ಬಂಡೆಗಳ ಸಂದಿಗೆ ಪಾದ ಸಿಕ್ಕರೆ ಹರಿಯುವ ನೀರು ಬೆನ್ನಿಗೆ ಒತ್ತಿ ಮುಖ ಮುಳುಗಿಸುತ್ತೆ. ಅದಕ್ಕೆ ಮಂಡಿಯುದ್ದ ನೀರೂ ಸಾಕು. ಅಂಗಾತ ಮಲಗಿ, ಪಾದಗಳನ್ನು ಮೇಲೆತ್ತಿ, ಹರಿವಿನ ಕಡೆಗೆ ಚಾಚಿಕೊಂಡು ತೇಲಿದೆ. ಬಂಡೆಯ ಮರೆಯಲ್ಲಿ ನೀರು ತಣ್ಣಗಾದ ಮೇಲೇ ದಡ ಹಿಡಿದದ್ದು.

ಈಗ ಮಗ ತಾನೂ ಬರ್ತೀನಿ ಅಂತಿದ್ದಾನೆ. ಮೊದಲು ನಿಂತ ನೀರಲ್ಲಿ ಹತ್ತು ಸಲ ಮಗುಚಿ ಹೊರಬರಲಿ, ಆಮೇಲೆ ನೋಡೋಣ ಅಂದಿದ್ದೀನಿ.